ನಾಲ್ಕನೇ ಚಕ್ರದ ದೃಷ್ಟಿಬೊಟ್ಟು

ಮೈಸೂರಿನ ಗಲ್ಲಿಯೊಂದರಲ್ಲಿ ಕಾಳಾಚಾರಿಯ ಪಾಲಿಶ್ ಶೆಡ್ಡು. ಜಾಗ ಮಾತ್ರ ಚೆಲುವರಾಜೇ ಅರಸರದು. ಒಂದು ದಿನ ಅರಸರೇ ಬಂದು, ತಾತನ ಕಾಲದ ಕಾರಿನ ಚಕ್ರಗಳಿಗೆ ಮುಚ್ಚುವ ನಾಲ್ಕು ವೀಲ್ ಕ್ಯಾಪುಗಳನ್ನು ಅವನ ಮುಂದೆ ಸುರಿದರು.

"ನಾಳೆ ಹಳೇ ಕಾರುಗಳ ಮೆರವಣಿಗೆ. ನಾಲ್ಕರಲ್ಲೂ ನನ್ನ ಮೀಸೆ ಕಾಣಬೇಕು. ಇಲ್ಲದಿದ್ದರೆ ನಾಡಿದ್ದೇ ಶೆಡ್ಡು ಖಾಲಿ ಮಾಡು."

ಆಚಾರಿ ಒಂದೊಂದನ್ನೂ ಉಗುರಿನಿಂದ ತಟ್ಟಿ ನೋಡಿದ. "ಬುದ್ಧಿ, ಮೂರು ಸ್ಟೀಲು. ಇದೊಂದು ಪ್ಲಾಸ್ಟಿಕ್ಕು. ಬೆಳ್ಳಿ ಬಣ್ಣ ಬರೀ ಮೇಲ್ಗಡೆ ಅದೆ, ಮೆಷಿನ್ನಿಗೆ ಕೊಟ್ರೆ ಕಿತ್ಕೊಂಡು ಬತ್ತದೆ."

"ನಮ್ಮ ತಾತನ ಕಾರಿನಲ್ಲಿ ಪ್ಲಾಸ್ಟಿಕ್ಕೇ? ಬಾಯಿ ಮುಚ್ಚಿಕೊಂಡು ಉಜ್ಜಯ್ಯ!"

ಉಜ್ಜಿದ. ಮೂರು ಕನ್ನಡಿಯಾದವು. ನಾಲ್ಕನೆಯದರ ಬೆಳ್ಳಿಯೆಲ್ಲ ಎದ್ದುಹೋಗಿ, ಬಾಣಲೆ ತಳದ ಹಾಗೆ ಕಪ್ಪಗಾಯಿತು. ಮೂವತ್ತು ವರ್ಷ ಕೂತು ದುಡಿದ ಜಾಗವನ್ನು ಆಚಾರಿ ಅಂದು ಕೊನೆಯ ಸಲವೆಂಬಂತೆ ಗುಡಿಸಿದ.

ಬೆಳಿಗ್ಗೆ ಬಂದ ಅರಸರು ಕರೀ ಕ್ಯಾಪು ನೋಡಿ ಕೆಂಡವಾದರು. "ಏನೋ ಇದು?"

"ದೃಷ್ಟಿಬೊಟ್ಟು, ಬುದ್ಧಿ. ಚೆಂದದ ಕೂಸಿನ ಕೆನ್ನೆಗೆ ಕಾಡಿಗೆ ಇಡಾಕಿಲ್ವಾ? ಇಷ್ಟು ಹೊಳೆಯೋ ಗಾಡಿ ಮ್ಯಾಲೆ ಊರ ಕಣ್ಣೆಲ್ಲಾ ಬೀಳ್ತದೆ. ಬ್ಯಾರೆಯೋರ ಗಾಡಿಗಾಗಿದ್ರೆ ಇದು ಬೇಕಾಗಿರ್ಲಿಲ್ಲ."

ಅರಸರ ಮೀಸೆ ಮೇಲೇರಿತು. ಮೆರವಣಿಗೆಯುದ್ದಕ್ಕೂ ಅವರು ಕಂಡಕಂಡವರಿಗೆಲ್ಲ ಆ ಕಪ್ಪನ್ನೇ ಬೆರಳು ಮಾಡಿ ತೋರಿಸಿದರು.

ಶೆಡ್ಡೇನೋ ಉಳಿಯಿತು. ಮಾರನೇ ದಿನ ಅದರ ಬಾಗಿಲಲ್ಲಿ ಆರು ಹಳೇ ಕಾರುಗಳು ನಿಂತಿದ್ದವು. ಮಾಲೀಕರೆಲ್ಲರದೂ ಒಂದೇ ಬೇಡಿಕೆ: "ನಮ್ಮದರಲ್ಲೂ ಒಂದನ್ನು ಕಪ್ಪು ಮಾಡಿಕೊಡಪ್ಪ."

ಆಚಾರಿ ಹೊಸ್ತಿಲ ಮೇಲೆ ಕುಸಿದು ಹಣೆ ಚಚ್ಚಿಕೊಂಡ. "ಮೂವತ್ತು ವರ್ಷ ಹೊಳಪು ಕೊಟ್ಟೆ, ಒಬ್ರೂ ಹೆಸರು ಕೇಳ್ಲಿಲ್ಲ. ಒಂದೇ ಒಂದು ಕೆಡಿಸ್ದೆ ನೋಡು, ದೊಡ್ಡ ಕಸುಬುದಾರ ಆಗ್ಬುಟ್ಟೆ!"