ಬಿಲ್ಲೆಯನ್ನು ಬಿಡದ ಅಂಟು

ಮೆಹಬೂಬ್ ಸಾಬರು ಕುಂಕುಮದ ಭರಣಿಗಳಿಗೆ ಹಿತ್ತಾಳೆ ಮುಚ್ಚಳ ಮಾಡುವವರು. ಲೇತಿನಲ್ಲಿ ತಿರುಗುವ ಮರದ ತುಂಡಿಗೆ ತೆಳು ಹಿತ್ತಾಳೆ ಬಿಲ್ಲೆಯನ್ನು ಅರಗಿನಿಂದ ಅಂಟಿಸಿ ಮುಚ್ಚಳವಾಗಿ ಕಡೆಯುತ್ತಿದ್ದರು. ಕೆಲಸ ಮುಗಿದ ಮೇಲೆ ಸ್ವಲ್ಪ ಬಿಸಿ ತಾಗಿಸಿದರೆ ಸಾಕು, ಅರಗು ಕರಗಿ ಬಿಲ್ಲೆಯನ್ನು ಬಿಟ್ಟುಕೊಡುತ್ತಿತ್ತು.

ಅದೇ ಮೇಜಿನ ಮೇಲೆ ಕಬ್ಬಿಣಕ್ಕೆ ಕಬ್ಬಿಣವನ್ನೇ ಹಿಡಿಸುವ ಅಂಟಿನ ಟ್ಯೂಬ್ ಇತ್ತು. ಅರಗಿನ ಕೆಲಸವನ್ನು ನೋಡಿ ನೋಡಿ ಅಂಟಿಗೆ ಹೊಟ್ಟೆ ಉರಿಯುತ್ತಿತ್ತು. “ಇಷ್ಟು ಬಿಸಿಗೇ ಕೈಬಿಡುವ ನಿನಗೆ ದಿನಾ ಹೊಸ ಬಿಲ್ಲೆ. ನನ್ನಂಥ ಗಟ್ಟಿಗನನ್ನು ಕೇಳುವವರೇ ಇಲ್ಲ” ಎಂದಿತು.

“ಹಿಡಿದಿರುವುದರ ಜೊತೆಗೆ ಬಿಡುವುದೂ ನನ್ನ ಕೆಲಸ ಅಣ್ಣ” ಎಂದಿತು ಅರಗು.

ಆ ಮಾತಿಗೆ ಅಂಟು ಇನ್ನಷ್ಟು ಉರಿದುಬಿತ್ತು. ಉರುಳಿ ಬಂದು ಅರಗಿನ ಕಡ್ಡಿಯನ್ನು ಮೇಜಿನ ಹಿಂದಕ್ಕೆ ತಳ್ಳಿತು. ಎಷ್ಟು ಹುಡುಕಿದರೂ ಅರಗು ಸಿಗದೆ ಸಾಬರು ಅಂದು ಅಂಟನ್ನೇ ಹಚ್ಚಿದರು.

ಬಿಲ್ಲೆ ಅಲುಗಲಿಲ್ಲ. ಮುಚ್ಚಳ ಚೆನ್ನಾಗಿಯೇ ಬಂತು. ಸಾಬರು ಬಿಸಿ ತಾಗಿಸಿದರು.

“ಬಿಡು, ಭರಣಿ ನನಗಾಗಿ ಕಾಯುತ್ತಿದೆ” ಎಂದಿತು ಬಿಲ್ಲೆ.

“ಬಿಟ್ಟರೆ ನೀನು ಭರಣಿಯ ಪಾಲಾಗುತ್ತೀಯ. ನಾನು ಬಿಡುವುದಿಲ್ಲ” ಎಂದಿತು ಅಂಟು.

ಮರ ಸುಟ್ಟು ಕಪ್ಪಾಯಿತು. ಕೊನೆಗೆ ಸಾಬರು ಉಳಿ ಹಾಕಿ ಎಬ್ಬಿಸಿದಾಗ ಬಿಲ್ಲೆ ಸೊಟ್ಟಗಾಗಿ ಬಂತು. ಬೇಸರದಿಂದ ಅದನ್ನು ಗುಜರಿ ಡಬ್ಬಕ್ಕೆ ಹಾಕಿದರು.

ಅಲ್ಲಿಯೂ ಅಂಟು ಅದರ ಬೆನ್ನು ಬಿಟ್ಟಿರಲಿಲ್ಲ. “ನೋಡಿದೆಯಾ, ನಾನು ನಿನ್ನ ಕೈಬಿಡಲಿಲ್ಲ” ಎಂದಿತು.

“ನೋಡಿದೆ” ಎಂದಿತು ಬಿಲ್ಲೆ. “ಅರಗು ಕೈಬಿಟ್ಟ ಬಿಲ್ಲೆಗಳೆಲ್ಲ ಭರಣಿಗಳ ಮೇಲೆ ಹೊಳೆಯುತ್ತಿವೆ.”