ಮಗಳ ಮುಖ ನೋಡದ ಜೇನುರಾಣಿ

ಬೆಟ್ಟಗಳ ಮಣ್ಣು ಇನ್ನೂ ಹಸಿಯಾಗಿತ್ತು. ಹೂಗಳಿಗೆ ಬಣ್ಣ ಹಚ್ಚಿ ಮುಗಿದಿರಲಿಲ್ಲ. ಆ ಕಾಲದಲ್ಲಿ ಒಂದು ಮತ್ತಿಮರದ ಪೊಟರೆಯಲ್ಲಿ ಹೊನ್ನಿ ಎಂಬ ಜೇನುರಾಣಿ ಇದ್ದಳು.

ಅವಳು ಬಂದಾಗ ಅದು ಬರಿಯ ಪೊಟರೆ. ಕೆಲಸಗಾರ ಜೇನುಗಳು ಮೈಯಿಂದ ಮೇಣ ಒಸರಿಸಿ ಎರಿ ಕಟ್ಟಿದವು. ಎರಿಯ ಒಂದೊಂದು ಕೋಣೆಗೂ ಹೊನ್ನಿ ಒಂದೊಂದು ಮೊಟ್ಟೆ ಇಟ್ಟಳು. ಈಗ ಏಳು ಎರಿ ತುಂಬಿದ್ದವು. ಮೇಲ್ಭಾಗದಲ್ಲಿ ಜೇನುತುಪ್ಪ, ಕೆಳಗೆ ಮರಿಗಳು. ಕಾಲಿಡಲು ಜಾಗವಿರಲಿಲ್ಲ.

ಒಂದು ಗೂಡಿಗೆ ಒಬ್ಬಳೇ ರಾಣಿ. ಹೊಸ ರಾಣಿ ಹುಟ್ಟಿದರೆ ಆ ಹೊಸಬಳೇ ಗೂಡು ಬಿಟ್ಟು ಹೊರಡಬೇಕು. ಆ ಕಾಲದ ಕಟ್ಟಳೆ ಅದು. ಹೊನ್ನಿಯೂ ಇಬ್ಬರು ಮಕ್ಕಳನ್ನು ಹಾಗೆಯೇ ಕಳಿಸಿದ್ದಳು.

ಹೂವಿನ ಕಾಲ ಕಳೆದ ಮೇಲೆ ಗಾಳಿ ಬಂತು.

"ಗಾಳಿಯಣ್ಣ, ನನ್ನ ಮಕ್ಕಳು ಎಲ್ಲಿ ಮನೆ ಮಾಡಿದರು?"

ಗಾಳಿ ಎಲೆ ಅಲುಗಿಸದೆ ನಿಂತಿತು. "ಮನೆ ಮಾಡಲಿಲ್ಲ ತಾಯಿ. ಒಬ್ಬಳು ಮಳೆಗೆ ಸಿಕ್ಕಿದಳು. ಇನ್ನೊಬ್ಬಳನ್ನು ಕಳ್ಳಿಪೀರ ಹಕ್ಕಿ ಹಿಡಿಯಿತು. ಎಳೆಯ ಹುಡುಗಿಯರು, ಅವರಿಗೇನು ಗೊತ್ತಿತ್ತು?"

ಅವತ್ತು ಹೊನ್ನಿ ಒಂದು ಮೊಟ್ಟೆಯನ್ನೂ ಇಡಲಿಲ್ಲ.

ಮರುವರ್ಷ ಎರಿಯ ಅಂಚಿನಲ್ಲಿ ಹೊಸ ರಾಣಿಮರಿಗಾಗಿ ಮತ್ತೆ ಒಂದು ರಾಣಿಕೋಣೆ ಇಳಿಬಿತ್ತು, ನೋಡಲು ಕಡಲೆಕಾಯಿಯ ಹಾಗೆ. ಕೆಲಸಗಾತಿಯರು ಒಳಗಿನ ಮರಿಗೆ ಹಾಲಿನಂಥ ರಸ ಉಣಿಸಿ, ಮೇಣದ ಮುಚ್ಚಳ ಹಾಕಿದರು.

"ಇವಳನ್ನೂ ಕಳಿಸಬೇಕಲ್ಲ," ಎಂದಳು ಕರಿಯಕ್ಕ. ಮೊದಲ ದಿನ ಹೊನ್ನಿಯ ಜೊತೆಗೇ ಬಂದವಳು, ರೆಕ್ಕೆಯಂಚು ಹರಿದ ಮುದುಕಿ.

"ಕಳಿಸಲ್ಲ."

"ಇಬ್ಬರೂ ಇಲ್ಲೇ ಇದ್ದರೆ ಕಾದಾಡಿ ಒಬ್ಬರು ಸಾಯ್ತೀರಿ."

"ಬರಿಯ ಪೊಟರೆಯಲ್ಲಿ ಸಂಸಾರ ಹೂಡಿ ಗೊತ್ತಿರೋದು ನನಗೆ. ಗೊತ್ತಿರುವವಳು ಹೋಗಲಿ. ಗೊತ್ತಿಲ್ಲದವಳಿಗೆ ತುಂಬಿದ ಮನೆ ಇರಲಿ. ನಾನೇ ಹೋಗ್ತೀನಿ ಕರಿಯಕ್ಕ."

ಕರಿಯಕ್ಕ ಅವಳ ಸುತ್ತ ಒಂದು ಸುತ್ತು ಹಾಕಿದಳು.

"ನೀನಾ? ಹೊಟ್ಟೆ ನೋಡಿಕೋ ಮೊದಲು! ಹಾರೋದು ನೆನಪಿದೆಯೇನೇ?"

"ನಾಳೆಯಿಂದ ಅರೆಹೊಟ್ಟೆ ಹಾಕಿ. ಇಳಿಯುತ್ತೆ."

ದಪ್ಪ ಕಣ್ಣಿನ ಗಂಡುಜೇನೊಂದು ಮುಂದೆ ಬಂತು. "ನಾನೂ ಬರಲಾ?"

"ಮಕರಂದ ತರಲ್ಲ, ಮೇಣ ಬರಲ್ಲ, ಕುಟುಕೋಕೆ ಮುಳ್ಳೂ ಇಲ್ಲ. ಬಂದು ಏನು ಮಾಡ್ತೀಯೋ ಮಾರಾಯ, ಉಣ್ಣೋದು ಬಿಟ್ಟು?" ಎಂದಳು ಕರಿಯಕ್ಕ.

ಹೊರಡುವ ದಿನ ಬಂತು. ಗೂಡಿನ ಅರ್ಧದಷ್ಟು ಜೇನುಗಳು ಹೊಟ್ಟೆ ತುಂಬ ತುಪ್ಪ ಕುಡಿದವು. ಅದೇ ದಾರಿಯ ಬುತ್ತಿ. ಉಳಿದದ್ದನ್ನು ಹೊನ್ನಿ ಮುಟ್ಟಗೊಡಲಿಲ್ಲ.

ಆಗ ರಾಣಿಕೋಣೆಯ ಮುಚ್ಚಳದೊಳಗಿಂದ ಸಣ್ಣ ದನಿ ಬಂತು. "ಅವ್ವಾ, ಇದ್ದೀಯಾ?"

ಹೊನ್ನಿ ಮೇಣಕ್ಕೆ ಹಣೆ ಹಚ್ಚಿದಳು. "ಇದ್ದೀನಿ ಮಗಳೇ."

"ನಿನ್ನ ಮುಖ ಹೇಗಿದೆ?"

"ನಿನ್ನದರ ಹಾಗೇ. ಕೇಳು, ತುಪ್ಪ ಮೇಲಿದೆ, ಮಳೆಗಾಲಕ್ಕೆ ಉಳಿಸಿಕೋ. ಬಾಗಿಲಲ್ಲಿ ಕಾವಲು ತಪ್ಪಿಸಬೇಡ."

"ಒಂದು ದಿನ ತಡೆದು ಹೊರಡೇ," ಕರಿಯಕ್ಕ ಪಿಸುಗುಟ್ಟಿದಳು. "ಮುಖವಾದರೂ ನೋಡು."

"ನೋಡಿದರೆ ಕಾಲು ಏಳಲ್ಲ."

ಹೊನ್ನಿ ಹಾರಿದಳು. ಅವಳ ಹಿಂದೆ ಸಾವಿರಾರು ಜೇನುಗಳು ಹಾರಿದವು. ಆದರೆ ದೂರ ಹೋಗಲಾಗಲಿಲ್ಲ ಅವಳಿಗೆ. ಎದುರಿನ ಮರದ ಕೊಂಬೆಗೆ ಕುಳಿತುಬಿಟ್ಟಳು. ಉಳಿದವರು ಅವಳನ್ನು ಸುತ್ತುವರಿದು ಗೊಂಚಲಾಗಿ ಜೋತುಬಿದ್ದರು. ಕರಿಯಕ್ಕ ಹೊಸ ಮನೆ ಹುಡುಕಿಕೊಂಡು ಬಂದಳು. "ಏಳು," ಎಂದಳು. ಹೊನ್ನಿ ಏಳಲಿಲ್ಲ.

ಮರುದಿನ ಬಿಸಿಲೇರುವ ಹೊತ್ತಿಗೆ ಮತ್ತಿಮರದ ಪೊಟರೆಯಿಂದ ಹೊಸ ರಾಣಿಯ ದನಿ ಕೇಳಿಸಿತು. ಮೇಣದ ಅಡ್ಡಿಯಿಲ್ಲದ, ತುಂಬು ದನಿ. ಹೊನ್ನಿ ಅದನ್ನು ಕೊನೆಯವರೆಗೂ ಕೇಳಿದಳು. ಆಮೇಲೆ ಕೊಂಬೆ ಬಿಟ್ಟಳು.

ಅಂದಿನಿಂದ ಜೇನುಗೂಡು ಎರಡು ಪಾಲಾದಾಗ ಮೊದಲು ಹೊರಡುವವಳು ತಾಯಿರಾಣಿ. ಹೂವಿನ ಕಾಲದಲ್ಲಿ ಗೂಡಿನ ಹತ್ತಿರದ ಕೊಂಬೆಗೆ ಜೇನಿನ ಗೊಂಚಲು ಸುಮ್ಮನೆ ಜೋತುಬಿದ್ದದ್ದು ಕಂಡರೆ ಕಲ್ಲೆಸೆಯಬೇಡಿ ಮಕ್ಕಳೇ, ಗದ್ದಲವನ್ನೂ ಮಾಡಬೇಡಿ: ಅದರ ನಡುವೆ ಒಬ್ಬಳು ತಾಯಿ ಮಗಳ ದನಿಗಾಗಿ ಕಿವಿಗೊಟ್ಟು ಕೂತಿದ್ದಾಳೆ.