ಗಾಳೆಪ್ಪನ ಮೂರು ಬೆರಳ ಸುಣ್ಣ

'ಜನವರಿ ಒಂಬತ್ತು, ಭಾನುವಾರ. ಸಂಜೆ ಆರಕ್ಕೆ ಪಂಚಾಯಿತಿ ಕಟ್ಟೆಯ ಟಿವಿಯಲ್ಲಿ ನಮ್ಮ ಅಂಬಿಗರ ಗಾಳೆಪ್ಪ ಬಂದ. ಊರೆಲ್ಲ ಕೂತು ನೋಡಿತು. ಅವನ ಹೆಂಡತಿ ಹುಲಿಗೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.'

ನನ್ನ ಹಳೆಯ ದಿನಚರಿಯಲ್ಲಿ ಹೀಗೆ ಬರೆದಿದೆ. ನೋಡಿದ್ದನ್ನು ಅಂದೇ ಬರೆದಿಡುವುದು ಧಾರವಾಡದ ಕಾಲೇಜಿನಲ್ಲಿ ಕಲಿತ ಅಭ್ಯಾಸ. ಇಸವಿ ಇದ್ದ ಮೂಲೆಯನ್ನು ಮಾತ್ರ ಗೆದ್ದಲು ತಿಂದಿದೆ. ಇಸವಿ ಇಲ್ಲದೆಯೂ ಈ ಕಥೆ ನಿಲ್ಲುತ್ತದೆ. ಹತ್ತಿರ ಬಂದು ಕೂತು ಕೇಳಿ.

ಹೊಳೆಗೆ ಇನ್ನೂ ಸೇತುವೆ ಇರಲಿಲ್ಲ. ಆಗ, ಬಹಳ ಹಿಂದೆ, ಬಂಡೆಗಳ ನಡುವಿನ ಒಂದು ಊರಿನಲ್ಲಿ ಗಾಳೆಪ್ಪ ಎಂಬ ಅಂಬಿಗನಿದ್ದ. ಈ ದಡದವರನ್ನು ಆ ದಡಕ್ಕೆ, ಆ ದಡದವರನ್ನು ಈ ದಡಕ್ಕೆ ಹರಿಗೋಲಿನಲ್ಲಿ ದಾಟಿಸುವುದು ಅವನ ಕೆಲಸ. ಅವನು ಸಿಳ್ಳೆ ಹಾಕಿದರೆ ನೀರುನಾಯಿಗಳು ಬಂಡೆಸಂದಿಯಿಂದ ಹೊರಬರುತ್ತಿದ್ದವಂತೆ. ಬಾಯಲ್ಲಿ ಕಚ್ಚಿದ ಮೀನನ್ನು ಅವನ ಹರಿಗೋಲಿಗೆ ಎಸೆದು ಹೋಗುತ್ತಿದ್ದವಂತೆ. ಒಮ್ಮೆ ಹೊಳೆ ತುಂಬಿ ಹರಿಯುವಾಗ ಹೆರಿಗೆ ನೋವು ಬಂದವಳನ್ನು ಅವನು ದಾಟಿಸಿದ. ಆಗ ಏಳು ನೀರುನಾಯಿಗಳು ಮುಂದೆ ಈಜಿ ದಾರಿ ತೋರಿಸಿದವಂತೆ. ಜನ ಏಳು ಎನ್ನುತ್ತಾರೆ, ನಾನು ಬರೆದಿರುವುದು ಎರಡು. ಎರಡಾದರೂ ಕಡಿಮೆಯೇನಲ್ಲ.

ಈ ಹೊಳೆಯಲ್ಲಿ ಒಂದು ಪದ್ಧತಿ ಇತ್ತು. ಅದನ್ನು ಗಾಳೆಪ್ಪನ ಮುತ್ತಜ್ಜನೇ ಶುರು ಮಾಡಿದ ಅಂತಾರೆ. ಚಳಿಗಾಲದಲ್ಲಿ ನೀರುನಾಯಿ ಯಾವ ಬಂಡೆಯ ಸಂದಿಯಲ್ಲಿ ಮರಿ ಹಾಕಿದೆಯೋ, ಅಂಬಿಗ ಆ ಬಂಡೆಗೆ ಸುಣ್ಣ ಹಚ್ಚಬೇಕು. ಎಲೆ ಅಡಿಕೆಯ ಚೀಲದಲ್ಲಿರುವ ಸುಣ್ಣವೇ ಸಾಕು. ಮೂರು ಬೆರಳು ಅದ್ದಿ ಮೂರು ಗೆರೆ ಎಳೆದರೆ ಆಯಿತು. ಗೆರೆ ಕಂಡ ಬೆಸ್ತ ಅಲ್ಲಿ ಬಲೆ ಬಿಡುವಂತಿಲ್ಲ, ಸುತ್ತು ಹಾಕಿ ಹೋಗಬೇಕು. ಮೀರಿದರೆ ಅವನಿಗೆ ದಂಡೆಯಲ್ಲಿ ಯಾರೂ ಬೀಡಿಗೆ ಬೆಂಕಿ ಕೊಡುವಂತಿಲ್ಲ, ಅಂಬಿಗ ಅವನನ್ನು ಹರಿಗೋಲಿಗೆ ಹತ್ತಿಸುವಂತಿಲ್ಲ. ಮಳೆಗಾಲದ ನೀರು ಏರಿ ಗೆರೆ ತೊಳೆದುಹೋಗುವ ಹೊತ್ತಿಗೆ ಮರಿಗಳು ದೊಡ್ಡವಾಗಿರುತ್ತಿದ್ದವು. ನೀರುನಾಯಿ ಬಲೆ ಹರಿಯುವ ಪ್ರಾಣಿ, ಬೆಸ್ತರಿಗೆ ಅದರ ಮೇಲೆ ಪ್ರೀತಿ ಇರಲಿಲ್ಲ. ಆದರೂ ಆ ಸುಣ್ಣವನ್ನು ಯಾರೂ ಮೀರಿದ್ದು ಕೇಳಿಲ್ಲ.

ಹೀಗಿರುವಾಗ ಒಂದು ಚಳಿಗಾಲ ಟಿವಿಯವರು ಬಂದರು. ನಾಡಿನ ನದಿಗಳ ಮೇಲೆ ಆರು ಕಂತಿನ ಸರಣಿ, ಮೂರನೆಯದು ನಮ್ಮ ಹೊಳೆ. ಅವರ ಹಿರಿಯ ಚಿದಂಬರ ಎಂಬವನು. ಒಳ್ಳೆಯವನು, ತಾಳ್ಮೆಯವನು. ಬಂಡೆಯ ಮೇಲೆ ಗೋಣಿತಟ್ಟಿನ ಗುಡಾರ ಕಟ್ಟಿ, ಅದಕ್ಕೆ ಹೊಳೆಯ ಕೆಸರು ಮೆತ್ತಿ, ತೋಳುದ್ದದ ಕ್ಯಾಮೆರಾ ಹಿಡಿದು ಬೆಳಗಿನಿಂದ ಸಂಜೆಯವರೆಗೆ ಕೂರುತ್ತಿದ್ದ. ಎಂಟು ದಿನ ಕೂತರೂ ಒಂದು ನೀರುನಾಯಿಯೂ ಕಾಣಲಿಲ್ಲ.

"ಸಾಹೇಬ್ರ, ನಿಮ್ಮ ಮೈಯಾಗಿನ ಸಾಬೂನಿನ ವಾಸನಿ ಹೋಗೋತನಕ ಅವು ಹೊರಗ ಬರಂಗಿಲ್ಲ" ಎಂದ ಗಾಳೆಪ್ಪ.

ಚಿದಂಬರ ಹನ್ನೊಂದು ದಿನ ಸಾಬೂನು ಮುಟ್ಟಲಿಲ್ಲ. ಅವನು ದಾರಿಯಲ್ಲಿ ಬಂದರೆ ಹೆಂಗಸರು ಮೂಗು ಮುಚ್ಚುತ್ತಿದ್ದರು. ಹನ್ನೆರಡನೆಯ ದಿನ ತಾಯಿ ನೀರುನಾಯಿ ಗುಡಾರದ ಮುಂದೆಯೇ ಬಂದು ಮೈ ಒದರಿತಂತೆ. ಎರಡು ಚಳಿಗಾಲ ಹೀಗೆ ನಡೆಯಿತು. ಮರಿಗಳು ಕಣ್ಣು ಬಿಡುವುದನ್ನು ತೆಗೆಯಲು ಹತ್ತೊಂಬತ್ತು ದಿನ ಕಾದರು.

ಗಾಳೆಪ್ಪ ಅವನಿಂದ ಒಂದು ಮಾತು ತೆಗೆದುಕೊಂಡಿದ್ದ. ಊರ ಹೆಸರು ಹೇಳಬಾರದು, ಹೊಳೆಯ ಹೆಸರು ಹೇಳಬಾರದು, ಬರುವ ದಾರಿ ತೋರಿಸಬಾರದು. ಚಿದಂಬರ ಹೊಳೆಯ ನೀರು ಮುಟ್ಟಿ ಮಾತು ಕೊಟ್ಟ.

ಚಿತ್ರ ಮುಗಿಯುವ ದಿನ ಗಾಳೆಪ್ಪನೇ ಕೇಳಿಕೊಂಡ. "ಸುಣ್ಣಾನೂ ತೋರಿಸ್ರಿ ಸಾಹೇಬ್ರ. ನೋಡಿದೋರು ದೂರ ಸರದು ಹೋಗ್ತಾರ."

"ತೋರಿಸಲಾ ಅಜ್ಜ?"

"ತೋರಿಸ್ರಿ ಅಂತೀನಲ್ಲ."

ಗಾಳೆಪ್ಪ ಹುಟ್ಟಿದಾಗಿನಿಂದ ಕಂಡದ್ದು ಅದನ್ನೇ. ಸುಣ್ಣ ಕಂಡವನು ಸುತ್ತು ಹಾಕಿ ಹೋಗುತ್ತಾನೆ. ಹೊಳೆಯವರು ಹಾಗಾದರೆ ಲೋಕದವರೂ ಹಾಗೇ ಎಂದುಕೊಂಡ. ಕ್ಯಾಮೆರಾದ ಮುಂದೆ ನಿಂತು ಮೂರು ಬೆರಳು ಅದ್ದಿ ಗೆರೆ ಎಳೆದ. "ಈ ಗುರುತು ಎಲ್ಲಿ ಐತೋ ಅಲ್ಲಿ ಮರಿ ಅದಾವ. ತಿಳ್ಕೊಳ್ರಿ" ಎಂದ.

ಪಂಚಾಯಿತಿ ಕಟ್ಟೆಯಲ್ಲಿ ಊರು ನೋಡಿದ್ದು ಇದನ್ನೇ. "ಏ ಗಾಳ್ಯಾ, ಇಷ್ಟು ಬೆಳ್ಳಗ ಕಾಣ್ತಿಯಲ್ಲ, ಮಾರಿಗೂ ಸುಣ್ಣ ಬಳಕೊಂಡಿಯೇನ?" ಎಂದು ಅವನ ವಾರಿಗೆಯವರು ಕಾಡಿದರು. ಮರಿಗಳು ಕಣ್ಣು ಬಿಟ್ಟಾಗ ಕೂತವರೆಲ್ಲ ಟಿವಿಯ ಹತ್ತಿರ ಸರಿದರು. ಅದೇ ಪ್ರಾಣಿ ಬಲೆ ಹರಿದಾಗ ಬಾಯಿಗೆ ಬಂದಂತೆ ಬೈಯುತ್ತಿದ್ದ ಬೆಸ್ತರ ಹನುಮಂತ ಕಣ್ಣೊರೆಸಿಕೊಂಡ. ಆ ಕಂತನ್ನು ಟಿವಿಯವರು ಮತ್ತೆ ಮತ್ತೆ ಹಾಕಿದರು. ಎಲ್ಲಿಂದಲೋ ಕಾಗದಗಳು ಬಂದವು. ಚಿದಂಬರನಿಗೆ ಬಹುಮಾನ ಬಂತು. ಒಬ್ಬ ಮಾಸ್ತರರು ತಮ್ಮ ಶಾಲೆಯ ಮಕ್ಕಳೆಲ್ಲ ಹಲಗೆಯ ಮೇಲೆ ಮೂರು ಗೆರೆ ಎಳೆದರೆಂದು ಬರೆದಿದ್ದರು. ಗಾಳೆಪ್ಪ ಆ ಕಾಗದವನ್ನು ಎಲೆ ಅಡಿಕೆಯ ಚೀಲದಲ್ಲಿಟ್ಟುಕೊಂಡು ಓಡಾಡಿದ.

ಮುಂದಿನ ಚಳಿಗಾಲ ನಾಲ್ಕು ಬಂಡೆಗೆ ಸುಣ್ಣ ಬಿತ್ತು.

ಮೊದಲನೆಯ ಬಂಡೆಯ ಸಂದಿ ಒಂದು ಬೆಳಿಗ್ಗೆ ಬರಿದಾಗಿತ್ತು. ಕೆಸರಿನಲ್ಲಿ ಎಳೆದಾಡಿದ ಗುರುತು, ಕಲ್ಲಿನ ಮೇಲೆ ರಕ್ತ. ಮೂರು ಗೆರೆ ಇದ್ದಂತೆಯೇ ಇದ್ದವು. ಗಾಳೆಪ್ಪ ಬಹಳ ಹೊತ್ತು ಅವುಗಳನ್ನೇ ನೋಡುತ್ತ ಕೂತ.

"ಹೊರಗಿನ ಬೆಸ್ತರು ಬಂದಿರಬೇಕು ಮಾವ. ಅವರಿಗೆ ಮೂರು ಬೆರಳು ಎಲ್ಲಿ ಕಾಣತೈತಿ? ದೊಡ್ಡದಾಗಿ ಹಚ್ಚು" ಎಂದ ಹನುಮಂತ.

ಗಾಳೆಪ್ಪನಿಗೂ ಅದೇ ಸರಿ ಎನಿಸಿತು. ಗೋಡೆಗೆ ಬಳಿಯುವ ಕುಂಚ ತಂದು, ಕೊಡದಲ್ಲಿ ಸುಣ್ಣ ಕಲಸಿ, ಉಳಿದ ಮೂರು ಬಂಡೆಗೂ ಮೊಳದುದ್ದ ಗೆರೆ ಎಳೆದ. ವಾರದೊಳಗೆ ಎರಡನೆಯ ಬಂಡೆ ಬರಿದಾಯಿತು. ಇನ್ನೂ ದೊಡ್ಡದು ಮಾಡಿದ. ಆಳುದ್ದದ ಗೆರೆಗಳು, ಆಚೆ ದಡದಿಂದಲೂ ಕಾಣುವಂಥವು. ಮೂರನೆಯದೂ ಹೋಯಿತು. ಊಟಕ್ಕೆ ಕೂತವನು ಅನ್ನ ಕಲಸುತ್ತಲೇ ಇದ್ದ, ತಿನ್ನಲಿಲ್ಲ.

"ಸುಣ್ಣ ಕಂಡೂ ಹೆಂಗ ಬರ್ತಾರ?" ಎಂದು ಹೆಂಡತಿಯನ್ನು ಕೇಳಿದ.

ಹುಲಿಗೆವ್ವ ನೀರಿನ ತಂಬಿಗೆಯನ್ನು ಅವನ ಮುಂದೆ ಇಟ್ಟಳು. "ಸುಣ್ಣ ಕಂಡs ಬರ್ತಿರಬೇಕು" ಎಂದಳು. ಅವನು ತಾಟು ಸರಿಸಿ ಎದ್ದು ಹೋದ. ಆ ಮಾತು ಅವನ ಕಿವಿಗೆ ಬಿದ್ದರೂ ತಲೆಗೆ ಇಳಿಯಲಿಲ್ಲ.

ಅದಾದ ಮೂರನೆಯ ದಿನ ಬೆಳಿಗ್ಗೆ ಬೆಸ್ತರು ಒಬ್ಬನನ್ನು ಹಿಡಿದು ಕಟ್ಟೆಗೆ ತಂದರು. ಅವನ ಚೀಲದಲ್ಲಿ ಉಪ್ಪು ಹಚ್ಚಿದ ಎರಡು ನೀರುನಾಯಿ ತೊಗಲು ಇದ್ದವು. ಇದು ಯಾವ ಹೊಳೆ, ಯಾವ ಊರು ಎಂದು ನಿನಗೆ ಹೇಳಿದವರು ಯಾರು ಎಂದು ಕೇಳಿದರು.

"ಯಾರೂ ಹೇಳಿಲ್ಲ. ಮೂರು ಹೊಳಿ ದಂಡಿ ಹಿಡದು ಸುಣ್ಣ ಹುಡುಕ್ಕೋತ ಬಂದ್ವಿ. ಸುಣ್ಣ ಇದ್ದಲ್ಲಿ ಮರಿ ಇರ್ತಾವ ಅಂತ ಟಿವ್ಯಾಗ ಆ ಮುದುಕನs ಹೇಳ್ಯಾನಲ್ಲ?" ಎಂದ. ಆಮೇಲೆ ಜನರ ನಡುವೆ ಗಾಳೆಪ್ಪನನ್ನು ಕಂಡು ಗುರುತು ಹಿಡಿದು, "ಇವನs ನೋಡ್ರಿ" ಎಂದ.

ಗಾಳೆಪ್ಪ ಹರಿಗೋಲು ಬಿಚ್ಚಿಕೊಂಡು ಒಬ್ಬನೇ ನಾಲ್ಕನೆಯ ಬಂಡೆಗೆ ಹೋದ.

ಆ ಬೇಟೆಯವರು ಅಲ್ಲಿ ಆಗಲೇ, ಪ್ರಾಣಿ ಕಾಲಿಟ್ಟರೆ ಮುಚ್ಚಿಕೊಳ್ಳುವ ಹಲ್ಲಿನ ಕತ್ತರಿ ಇಟ್ಟಿದ್ದರು. ತುಕ್ಕು ಹಿಡಿದ ಕಬ್ಬಿಣ. ತಾಯಿಯ ಮುಂಗಾಲು ಅದರಲ್ಲಿ ಸಿಕ್ಕಿತ್ತು, ಮರಿಗಳಿರಲಿಲ್ಲ. ಅವನು ಬರಿಗೈಯಿಂದ ಕತ್ತರಿ ಬಿಡಿಸಿದ. ಅದು ಮತ್ತೆ ಮುಚ್ಚಿಕೊಂಡು ಅದರ ಹಲ್ಲು ಅವನ ಬಲ ಅಂಗೈಯಲ್ಲಿ ನಾಟಿತು. ತಾಯಿ ಕುಂಟುತ್ತ ನೀರಿಗೆ ಬಿತ್ತು, ತಿರುಗಿ ನೋಡಲಿಲ್ಲ. ತಿರುಗಿ ನೋಡಿತು, ಅತ್ತಿತು ಎನ್ನುವವರಿದ್ದಾರೆ. ಗಾಳೆಪ್ಪ ಹಾಗೆ ಹೇಳಲಿಲ್ಲ.

ಆಮೇಲೆ ಅವನು ಸುಣ್ಣ ಉಜ್ಜತೊಡಗಿದ. ತಾನೇ ಬಳಿದ ಆಳುದ್ದದ ಗೆರೆಗಳು. ನಾಲಿಗೆಯಿಂದ ನೆಕ್ಕಿದ ಅಂತಾರೆ, ಅದು ಸುಳ್ಳು. ಮರಳಿನಿಂದ, ಒದ್ದೆ ಗೋಣಿಯಿಂದ, ಕೊನೆಗೆ ಅಂಗೈಯಿಂದ ಉಜ್ಜಿದ. ಬಿಳಿ ಹೋಗಿ ಕೆಂಪಾಯಿತು, ಕೆಂಪನ್ನೂ ನೀರೆರಚಿ ತೊಳೆದ. ಆ ಬಂಡೆ ಮುಗಿಸಿ ಉಳಿದ ಮೂರಕ್ಕೂ ಹೋದ, ಅಲ್ಲಿ ಉಳಿಸಿಕೊಳ್ಳಲು ಏನೂ ಇಲ್ಲದಿದ್ದರೂ. ಮಧ್ಯಾಹ್ನ ಹನುಮಂತ ಹೋಗಿ ಎಷ್ಟು ಕರೆದರೂ ಬರಲಿಲ್ಲವಂತೆ. "ಬರದವ ನಾನು, ಅಳಸಾಂವ ನಾನs" ಎಂದನಂತೆ.

ನೀರುನಾಯಿಗಳು ಬಂದು ಅವನನ್ನು ಮಡುವಿಗೆ ಕರೆದೊಯ್ದವು ಎಂದು ಈಗ ಜನ ಹೇಳುತ್ತಾರೆ. ನನ್ನ ಪುಸ್ತಕದಲ್ಲಿ ಇರುವುದು ಇಷ್ಟು. ಗಾಯವನ್ನು ಯಾರಿಗೂ ತೋರಿಸದೆ ಬಟ್ಟೆ ಸುತ್ತಿಕೊಂಡಿದ್ದ. ಎಂಟನೆಯ ದಿನ ದವಡೆ ಕಚ್ಚಿಕೊಂಡಿತು. ಧನುರ್ವಾಯು. ಹನ್ನೊಂದನೆಯ ದಿನ ತೀರಿಕೊಂಡ.

ಸುದ್ದಿ ತಿಳಿದು ಚಿದಂಬರ ಬಂದ. ಚಿತ್ರದಿಂದ ಆ ಭಾಗ ಕತ್ತರಿಸಿ ತೆಗೆಸಿದ್ದೇನೆ ಎಂದ. ಅಷ್ಟರಲ್ಲಿ ಅದು ಎಷ್ಟೋ ಮನೆ ಸೇರಿತ್ತು. ಅವನು ಕಾಲಿಗೆ ಬೀಳಲು ಹೋದಾಗ ಹುಲಿಗೆವ್ವ ಹಿಂದೆ ಸರಿದಳು. "ಏಳಪ್ಪಾ. ನೀ ಕೊಟ್ಟ ಮಾತು ಉಳಿಸಿಕೊಂಡಿ, ಊರ ಹೆಸರು ಹೇಳಲಿಲ್ಲ. ಹೇಳಿದವರು ನಾವs" ಎಂದಳು.

ಸೇತುವೆ ಬಂದಿದ್ದರೂ ಈಗಲೂ ಹರಿಗೋಲು ಆ ನಾಲ್ಕನೆಯ ಬಂಡೆಯ ಪಕ್ಕ ಬಂದಾಗ ಹುಟ್ಟು ಹಾಕುವವನು ನಿಲ್ಲಿಸುತ್ತಾನೆ. ಕೂತವರು ಬಲಗೈಯನ್ನು ನೀರಿನಲ್ಲಿ ಅದ್ದಿ ಬಂಡೆಯನ್ನು ಮೂರು ಸಲ ಉಜ್ಜುತ್ತಾರೆ. ಅಳಿಸಲು ಅಲ್ಲಿ ಏನೂ ಇಲ್ಲ. ಉಜ್ಜಿ ಉಜ್ಜಿ ಕಲ್ಲು ಅಲ್ಲಿ ಕನ್ನಡಿಯಷ್ಟು ನುಣುಪಾಗಿದೆ. ಹರಿಗೋಲಿನಲ್ಲಿ ಕೂತು ಯಾರೂ ಎಲೆಗೆ ಸುಣ್ಣ ಹಚ್ಚುವುದಿಲ್ಲ.

ಕೊನೆಗೆ ಕಳೆದುಹೋದದ್ದು ಇಷ್ಟು. ನಾಲ್ಕು ಬಂಡೆಯ ಹದಿಮೂರು ಮರಿಗಳು. ಐದು ದೊಡ್ಡವು. ಕುಂಟಿದ ತಾಯಿಯನ್ನು ಫಾಲ್ಗುಣದವರೆಗೆ ಕಂಡವರಿದ್ದಾರೆ, ಆಮೇಲೆ ಇಲ್ಲ. ಗಾಳೆಪ್ಪ, ಅರವತ್ತೊಂದು ವರ್ಷ. ನಾಲ್ಕು ತಲೆಮಾರು ಯಾರೂ ಮೀರದ ಮೂರು ಗೆರೆ. ಈಗ ಹೊಳೆಯಲ್ಲಿ ಯಾರು ಎಲ್ಲಿ ಬೇಕಾದರೂ ಬಲೆ ಬಿಡಬಹುದು.